ಪ್ರೊಪೆಲ್ಲರ್ ವಿಮಾನದ ವೇಗ: ಪೈಲಟ್‌ಗಳು ಲೆಕ್ಕ ಹಾಕುವ ಬಗೆ

ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ವಿಮಾನದ ಟಿಕೆಟ್ ಮಾಡಿಸಿದವರಿಗೆ, ಬರುವುದು ಪ್ರೊಪೆಲ್ಲರ್ ಇರುವ ಎಟಿಆರ್ ಎಂದು ಗೊತ್ತಾದ ಕೂಡಲೇ ಮುಖ ತುಸು ಸಪ್ಪಗಾಗುತ್ತದೆ. ಹಳೇ ಕಾಲದ್ದು, ನಿಧಾನ ಎಂಬ ಭಾವನೆ. ಅಂಕಿಗಳೂ ಮೇಲ್ನೋಟಕ್ಕೆ ಹಾಗೇ ಹೇಳುತ್ತವೆ. ಎಟಿಆರ್ 72-600 ಮೇಲೇರಿ ಸಮಗತಿಗೆ ಬಂದಾಗ ಗಂಟೆಗೆ ಸುಮಾರು 510 ಕಿ.ಮೀ. ವೇಗದಲ್ಲಿ ಹಾರುತ್ತದೆ. ಅದೇ ವರ್ಗದ ಬೊಂಬಾರ್ಡಿಯರ್ ಕ್ಯೂ400 ಸುಮಾರು 667. ಏರ್‌ಬಸ್ 320ರಂಥ ಜೆಟ್ 800ರ ಮೇಲೆ. ಆದರೆ ಇವುಗಳನ್ನು ಹಾರಿಸುವವರು ಒಂದನ್ನು ಇನ್ನೊಂದರ ಜೊತೆ ತೂಗಿ ನೋಡುವಾಗ ಮಾತು ಈ ಮೂರು ಅಂಕಿಗಳ ಮೇಲೆ ನಿಲ್ಲುವುದಿಲ್ಲ. ಇವತ್ತು ಬಿಸಿಲು ಎಷ್ಟಿದೆ, ರನ್‌ವೇ ಎಷ್ಟು ಉದ್ದ, ಒಂದು ಎಂಜಿನ್ ಕೈಕೊಟ್ಟರೆ ಉಳಿದೊಂದು ಎಷ್ಟು ತೂಕವನ್ನು ಮೇಲೆತ್ತೀತು ಎಂಬುದರ ಸುತ್ತಲೇ ಅದು ತಿರುಗುತ್ತದೆ. ನಮ್ಮ ಬೆಂಗಳೂರಿನಂಥ ಎತ್ತರದ, ಬಿಸಿಲಿನ ಜಾಗದಲ್ಲಿ ಆ ಪ್ರಶ್ನೆಗಳೇ ದೊಡ್ಡವು ಎಂಬುದನ್ನು ವಿವರಿಸಲು ಈ ಲೇಖನ.

ಮೊದಲು ಒಂದು ತಪ್ಪು ಕಲ್ಪನೆ ಹೋಗಬೇಕು. ಎಟಿಆರ್‌ನ ರೆಕ್ಕೆಯ ಕೆಳಗಿರುವುದು ಹಳೆಯ ಪಿಸ್ಟನ್ ಎಂಜಿನ್ ಅಲ್ಲ. ಒಳಗೆ ಉರಿಯುವುದು ಜೆಟ್‌ನಲ್ಲಿರುವಂಥದೇ ಗ್ಯಾಸ್ ಟರ್ಬೈನ್. ವ್ಯತ್ಯಾಸ ಇಷ್ಟೇ: ಬಿಸಿ ಗಾಳಿಯ ಶಕ್ತಿಯನ್ನು ಹಿಂದಕ್ಕೆ ಉಗುಳುವ ಬದಲು, ಅದರ ಬಹುಪಾಲನ್ನು ಒಂದು ದಂಡಕ್ಕೆ ಕೊಟ್ಟು, ಗೇರ್‌ಬಾಕ್ಸ್ ಮೂಲಕ ವೇಗ ತಗ್ಗಿಸಿ, ಪ್ರೊಪೆಲ್ಲರ್ ತಿರುಗಿಸುತ್ತಾರೆ. ತೆರೆದಿಟ್ಟ ಎಂಜಿನ್ ನೋಡಬೇಕೆಂದರೆ ದೂರ ಹೋಗಬೇಕಿಲ್ಲ; ಹಳೇ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಎಂಜಿನ್‌ಗಳಿಗೇ ಒಂದು ವಿಭಾಗವಿದೆ. ಇಂದಿರಾನಗರ, ಹಲಸೂರು ಕಡೆಯ ಶಾಲೆಗಳ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಮೇಷ್ಟ್ರುಗಳು ಈ ಒಂದು ವಿಷಯವನ್ನು ತೋರಿಸಿಕೊಟ್ಟರೂ ಸಾಕು.

ಹಾಗಾದರೆ ಟರ್ಬೊಪ್ರಾಪ್ ಎನ್ನುವ ಈ ಬಗೆಯ ವಿಮಾನ ಏಕೆ ಜೆಟ್‌ನಷ್ಟು ವೇಗವಾಗಿ ಹಾರದು? ಉತ್ತರ ಇರುವುದು ಪ್ರೊಪೆಲ್ಲರಿನ ಅಲಗಿನ ತುದಿಯಲ್ಲಿ. ಎಟಿಆರ್ 72-600ರ ಪ್ರೊಪೆಲ್ಲರ್‌ಗೆ ಆರು ಅಲಗು, ಅಡ್ಡಳತೆ 3.93 ಮೀಟರ್. ಸಮಗತಿಯಲ್ಲಿ ಅದು ನಿಮಿಷಕ್ಕೆ ಸುಮಾರು 984 ಸುತ್ತು ತಿರುಗುತ್ತದೆ. ಅಂದರೆ ಅಲಗಿನ ತುದಿ ಬರೀ ಸುತ್ತುವುದರಿಂದಲೇ ಸೆಕೆಂಡಿಗೆ ಸುಮಾರು 200 ಮೀಟರ್ ಓಡುತ್ತಿದೆ. ವಿಮಾನದ ಮುನ್ನಡೆಯನ್ನೂ ಸೇರಿಸಿದರೆ ತುದಿಯ ನಿಜವಾದ ವೇಗ ಸೆಕೆಂಡಿಗೆ 247 ಮೀಟರ್. ಹದಿನೇಳು ಸಾವಿರ ಅಡಿಯ ತಂಪು ಗಾಳಿಯಲ್ಲಿ ಶಬ್ದದ ವೇಗ ಸುಮಾರು 320 ಮೀಟರ್. ಅಲ್ಲಿಗೆ ತುದಿ ಅದರ ಮುಕ್ಕಾಲು ಪಾಲು ಮುಟ್ಟಿದಂತಾಯಿತು. ಇದೇ ಪ್ರೊಪೆಲ್ಲರ್ ಹಾಕಿ ವಿಮಾನವನ್ನು 800 ಕಿ.ಮೀ. ವೇಗಕ್ಕೆ ತಳ್ಳಲು ಹೋದರೆ ತುದಿ ಸೆಕೆಂಡಿಗೆ 300 ಮೀಟರ್ ದಾಟುತ್ತದೆ. ಶಬ್ದದ ವೇಗದ ಹತ್ತಿರ ಹೋದಂತೆ ಗದ್ದಲ ಏರುತ್ತದೆ, ಎಳೆತ ಏರುತ್ತದೆ, ಎಂಜಿನ್ ಕೊಟ್ಟ ಶಕ್ತಿ ಪೋಲಾಗುತ್ತದೆ. ಕ್ಯೂ400 ಇದಕ್ಕೆ ಕಂಡುಕೊಂಡ ದಾರಿ, ಇನ್ನೂ ದೊಡ್ಡ ಪ್ರೊಪೆಲ್ಲರನ್ನು ಇನ್ನೂ ನಿಧಾನವಾಗಿ ತಿರುಗಿಸುವುದು: 4.11 ಮೀಟರ್ ಅಡ್ಡಳತೆ, ಸಮಗತಿಯಲ್ಲಿ ನಿಮಿಷಕ್ಕೆ 850 ಸುತ್ತು.

ಎಟಿಆರ್‌ನಲ್ಲಿ ಕೂತವರು ಇದನ್ನು ಕಿವಿಯಿಂದಲೇ ಗುರುತಿಸಬಹುದು. ನೆಲ ಬಿಟ್ಟು ತುಸು ಮೇಲೇರಿದ ಮೇಲೆ ಪ್ರೊಪೆಲ್ಲರಿನ ಸದ್ದು ಇದ್ದಕ್ಕಿದ್ದಂತೆ ತಗ್ಗಿದ ಶ್ರುತಿಗೆ ಇಳಿಯುತ್ತದೆ. ಎಷ್ಟೋ ಜನ ಎಂಜಿನ್ ಸೊರಗಿತೆಂದು ಸೀಟಿನ ಹಿಡಿ ಬಿಗಿಹಿಡಿಯುತ್ತಾರೆ. ಆಗಿರುವುದು ಇಷ್ಟು: ಪೈಲಟ್ ಒಂದು ಗುಂಡಿಯನ್ನು ಟೇಕಾಫ್‌ನಿಂದ ಏರಿಕೆಯ ಸ್ಥಾನಕ್ಕೆ ತಿರುಗಿಸಿದರು, ನಿಮಿಷಕ್ಕೆ 1,200 ಸುತ್ತು ಇದ್ದದ್ದು ಶೇ 82ಕ್ಕೆ ಇಳಿಯಿತು.

ಇನ್ನು ವೇಗದ ಮಾತು. ಕಾಕ್‌ಪಿಟ್‌ನಲ್ಲಿ ವೇಗ ಒಂದೇ ಅಲ್ಲ. ಮೀಟರಿನಲ್ಲಿ ಕಾಣುವುದು ಗಾಳಿ ವಿಮಾನವನ್ನು ಒತ್ತುತ್ತಿರುವ ಬಲದಿಂದ ಅಳೆದದ್ದು. ಮೇಲೆ ಹೋದಂತೆ ಗಾಳಿ ತೆಳುವಾಗುವುದರಿಂದ, ಹದಿನೇಳು ಸಾವಿರ ಅಡಿಯಲ್ಲಿ ಮೀಟರ್ 210 ನಾಟ್ (ಗಂಟೆಗೆ 210 ನಾಟಿಕಲ್ ಮೈಲಿ) ತೋರಿಸಿದರೆ ವಿಮಾನ ಗಾಳಿಯೊಳಗೆ ನಿಜಕ್ಕೂ 275 ನಾಟ್ ಓಡುತ್ತಿರುತ್ತದೆ. ಅದರಿಂದ ಎದುರುಗಾಳಿ ಕಳೆದರೆ, ಇಲ್ಲವೇ ಅದಕ್ಕೆ ಹಿಂಗಾಳಿ ಕೂಡಿದರೆ ನೆಲದ ಮೇಲಿನ ವೇಗ. ಪ್ರಯಾಣಿಕನಿಗೆ ಬೇಕಾದದ್ದು ಈ ಕೊನೆಯದು ಮಾತ್ರ. ಮುಂಗಾರಿನಲ್ಲಿ ಕರ್ನಾಟಕದ ಮೇಲೆ ಒಂದು ವಿಶೇಷವಿದೆ: ಐದಾರು ಸಾವಿರ ಅಡಿಯಲ್ಲಿ ಪಶ್ಚಿಮದ ಗಾಳಿ ಜೋರಾಗಿ ಬೀಸುತ್ತಿದ್ದರೆ, ಜೆಟ್‌ಗಳು ಹಾರುವ ಎತ್ತರದಲ್ಲಿ ಗಾಳಿ ಪೂರ್ವದಿಂದ ಬರುತ್ತಿರುತ್ತದೆ. ಒಂದೇ ದಿನ, ಒಂದೇ ದಾರಿ, ಎರಡು ವಿಮಾನಗಳಿಗೆ ಎರಡು ಬೇರೆ ಗಾಳಿ.

ಈಗ ಹುಬ್ಬಳ್ಳಿಯ ಲೆಕ್ಕ ನೋಡೋಣ. ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ನೇರ ರೇಖೆಯಲ್ಲಿ ಸುಮಾರು 370 ಕಿ.ಮೀ., ಅಂದರೆ 200 ನಾಟಿಕಲ್ ಮೈಲಿ. ಏರುವುದಕ್ಕೆ, ಇಳಿಯುವುದಕ್ಕೆ ಅರ್ಧ ದಾರಿ ಹೋಯಿತು ಎಂದಿಟ್ಟುಕೊಳ್ಳಿ. ಹತ್ತು ಸಾವಿರ ಅಡಿಯ ಕೆಳಗೆ ಸಾಮಾನ್ಯವಾಗಿ ಎಲ್ಲರಿಗೂ 250 ನಾಟ್ ಮಿತಿ. ಅಲ್ಲಿ ಜೆಟ್‌ನ ವೇಗಕ್ಕೆ ಬೆಲೆಯಿಲ್ಲ. ಉಳಿದ 100 ಮೈಲಿಯನ್ನು ಎಟಿಆರ್ 22 ನಿಮಿಷದಲ್ಲಿ, ಕ್ಯೂ400 17 ನಿಮಿಷದಲ್ಲಿ, ಜೆಟ್ 14 ನಿಮಿಷದಲ್ಲಿ ಮುಗಿಸುತ್ತದೆ. ವ್ಯತ್ಯಾಸ ಐದರಿಂದ ಎಂಟು ನಿಮಿಷ. ಕೆ.ಆರ್. ಪುರದ ತೂಗುಸೇತುವೆ ದಾಟಿ ಹೊರವರ್ತುಲ ರಸ್ತೆಯಲ್ಲಿ ಹೆಬ್ಬಾಳದ ಕಡೆ ಹೊರಟವರಿಗೆ ಆ ಎಂಟು ನಿಮಿಷ ಒಂದು ಸಿಗ್ನಲ್‌ನಲ್ಲೇ ಹೋಗಬಹುದು. ಹೈದರಾಬಾದ್ ದಾಟಿ ಮುಂದಕ್ಕೆ ಹೋಗುವ ದಾರಿಗಳಲ್ಲಿ ಮಾತು ಬೇರೆ. ಅಲ್ಲಿ ನಿಮಿಷಗಳು ಬೆಳೆಯುತ್ತವೆ, ಜೆಟ್ ಗೆಲ್ಲುತ್ತದೆ.

ಆ ಐದು ನಿಮಿಷಕ್ಕೆ ಕ್ಯೂ400 ಕೊಡುವ ಬೆಲೆ ಏನು? ಅದರ ಒಂದೊಂದು ಎಂಜಿನ್‌ನ ಶಕ್ತಿ 5,071 ಅಶ್ವಶಕ್ತಿ. ಎಟಿಆರ್‌ನದು ಮಾಮೂಲಿ ಟೇಕಾಫ್‌ನಲ್ಲಿ 2,475. ಶಕ್ತಿ ಇಮ್ಮಡಿ, ವೇಗದಲ್ಲಿ ಗಳಿಕೆ ಶೇ 30. ಎಟಿಆರ್ ಗಂಟೆಗೆ ಅಂದಾಜು 650 ಕೆ.ಜಿ. ಇಂಧನ ಕುಡಿದರೆ ಕ್ಯೂ400 ಸಾವಿರ ಕೆ.ಜಿ. ದಾಟುತ್ತದೆ. ಸ್ಪೈಸ್‌ಜೆಟ್ 2011ರಿಂದ ಕ್ಯೂ400 ತಂದು ಹುಬ್ಬಳ್ಳಿಯಂಥ ಊರುಗಳಿಗೆ ಹಾರಿಸಿತು. ಇಂಡಿಗೊ ಆರಿಸಿಕೊಂಡ ಎಟಿಆರ್ 2017ರ ಕೊನೆಗೆ ಹಾರತೊಡಗಿತು. ಅದಕ್ಕೂ ಮೊದಲು, 2003ರಲ್ಲಿ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಏರ್ ಡೆಕ್ಕನ್ ಶುರುವಾದದ್ದೂ ಎಟಿಆರ್‌ಗಳಿಂದಲೇ. ಏರುವ ಚುರುಕು, ಗುಡ್ಡಗಾಡಿನ ದಾರಿ, ಉದ್ದದ ಪಯಣ ಇವುಗಳಲ್ಲಿ ಕ್ಯೂ400 ಮೇಲು ಎಂದು ನಾನೂ ಒಪ್ಪುತ್ತೇನೆ. ಕರ್ನಾಟಕದೊಳಗಿನ ಒಂದು ಗಂಟೆಯ ದಾರಿಗಳಿಗೆ ಮಾತ್ರ ಆ ಶಕ್ತಿ ಹೆಚ್ಚಾಯಿತು ಎನ್ನುವುದು ನನ್ನ ಅಭಿಪ್ರಾಯ. ಇಂಡಿಗೊ ಎಟಿಆರ್‌ನಲ್ಲಿ 78 ಆಸನ ಇರುವುದಕ್ಕೂ ಹಿನ್ನೆಲೆಯಿದೆ: ನಮ್ಮಲ್ಲಿ 80 ಆಸನಕ್ಕಿಂತ ಚಿಕ್ಕ ವಿಮಾನಗಳಿಗೆ ಲ್ಯಾಂಡಿಂಗ್ ಶುಲ್ಕದಲ್ಲಿ ವಿನಾಯಿತಿ, 40,000 ಕೆ.ಜಿ.ಗಿಂತ ಹಗುರವಾದವಕ್ಕೆ ಇಂಧನದ ಮಾರಾಟ ತೆರಿಗೆಯಲ್ಲಿ ರಿಯಾಯಿತಿ ಬಹುಕಾಲದಿಂದ ಇದೆ.

ಇಷ್ಟೆಲ್ಲ ಹೇಳಿದರೂ ಪೈಲಟ್‌ಗಳ ನಿಜವಾದ ಚಿಂತೆ ಬಿಸಿಲು. ದೇವನಹಳ್ಳಿಯ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ, ಎಚ್‌ಎಎಲ್ ನಿಲ್ದಾಣ ಅದಕ್ಕಿಂತ ನೂರಡಿಯಷ್ಟು ಕೆಳಗೆ. ವಿಮಾನ ತಯಾರಕರ ಪುಸ್ತಕದ ಪ್ರಕಾರ ಆ ಎತ್ತರದಲ್ಲಿ ಗಾಳಿ 9 ಡಿಗ್ರಿ ಸೆಲ್ಸಿಯಸ್ ಇರಬೇಕು. ಏಪ್ರಿಲ್ ಮಧ್ಯಾಹ್ನ ನಮ್ಮಲ್ಲಿ 35. ಹೆಚ್ಚುವರಿ ಒಂದೊಂದು ಡಿಗ್ರಿಗೂ ಸುಮಾರು 120 ಅಡಿ ಸೇರಿಸುವುದು ಪೈಲಟ್‌ಗಳ ಬಾಯಿಲೆಕ್ಕ. 26 ಡಿಗ್ರಿಗೆ 3,120 ಅಡಿ. ಅಲ್ಲಿಗೆ ವಿಮಾನದ ರೆಕ್ಕೆ, ಪ್ರೊಪೆಲ್ಲರ್, ಎಂಜಿನ್ ಮೂರಕ್ಕೂ ತಾವು 6,000 ಅಡಿ ಎತ್ತರದಲ್ಲಿದ್ದಂತೆ, ಮುಳ್ಳಯ್ಯನಗಿರಿಯ ತುದಿಗಿಂತ ತುಸುವೇ ಕೆಳಗೆ. ರೆಕ್ಕೆಗೆ ಎತ್ತಲು ಹೆಚ್ಚು ಓಟ ಬೇಕು, ಅಲಗಿಗೆ ಕಚ್ಚಲು ಗಾಳಿ ಕಡಿಮೆ, ಎಂಜಿನ್ ಒಳಗಿನ ಬಿಸಿ ಬೇಗ ಕೆಂಪು ಗೆರೆ ಮುಟ್ಟುತ್ತದೆ. ಬೆಂಗಳೂರಿನ ಉದ್ದನೆಯ ರನ್‌ವೇಯಲ್ಲಿ ಇದು ತಡೆಯಬಹುದು. ಮೈಸೂರಿನ 1,740 ಮೀಟರ್ ರನ್‌ವೇಯಲ್ಲಿ ಒಂದೊಂದು ಡಿಗ್ರಿಯೂ ಸೂಟ್‌ಕೇಸುಗಳ ಲೆಕ್ಕವಾಗುತ್ತದೆ. ಎಟಿಆರ್‌ಗೆ ಸಮುದ್ರಮಟ್ಟದಲ್ಲಿ, ಪುಸ್ತಕದ ತಂಪಿನಲ್ಲಿ, ತುಂಬಿದ ತೂಕಕ್ಕೆ ಸುಮಾರು 1,300 ಮೀಟರ್ ಬೇಕು. ಬಿಸಿಲು, ಎತ್ತರ ಸೇರಿದಾಗ ಉಳಿಯುವ ಅಂಚು ಕಿರಿದು.

ಬಿಸಿಲಿನ ಈ ಪ್ರಶ್ನೆಗೆ ಬೆಂಗಳೂರಿನಲ್ಲೇ ಒಂದು ಇತಿಹಾಸವಿದೆ, ಅದನ್ನು ಹೆಚ್ಚು ಜನ ನೆನೆಯುವುದಿಲ್ಲ ಎಂಬುದು ನನಗೆ ಬೇಸರ. ಎಚ್‌ಎಎಲ್ ಕಾನ್ಪುರದಲ್ಲಿ ತಯಾರಿಸಿದ, ಎಲ್ಲರೂ 'ಅವ್ರೋ' ಎನ್ನುತ್ತಿದ್ದ ಎಚ್‌ಎಸ್-748 ಟರ್ಬೊಪ್ರಾಪ್ ನಮ್ಮ ಬಿಸಿಲಿನಲ್ಲಿ, ಒಂದು ಎಂಜಿನ್ ನಿಂತಾಗ, ಸಾಕಷ್ಟು ಏರಬಲ್ಲದೇ ಎಂಬ ಸಂಶಯ 1970ರ ದಶಕದಲ್ಲಿ ಎದ್ದಿತು. ಅದನ್ನು ಪರಿಶೀಲಿಸುವ ಹೊಣೆ ಹೊತ್ತವರು ಭಾರತೀಯ ವಿಜ್ಞಾನ ಸಂಸ್ಥೆಯ ಸತೀಶ್ ಧವನ್. ಅದೇ ಸಂಸ್ಥೆಯ ರೊದ್ದಂ ನರಸಿಂಹ ಮತ್ತು ಎಂ.ಆರ್. ಅನಂತಶಯನಂ ಆ ವಿಚಾರವನ್ನು ಇನ್ನೂ ಮುಂದಕ್ಕೆ ಒಯ್ದು, ಚಳಿ ದೇಶಗಳ ಗಾಳಿಯನ್ನು ಅಳತೆಗೋಲಾಗಿಟ್ಟುಕೊಂಡ ನಿಯಮಗಳು ಉಷ್ಣವಲಯಕ್ಕೆ ಎಷ್ಟು ಹೊಂದುತ್ತವೆ ಎಂದು ಕೇಳಿದರು; ಉಷ್ಣವಲಯಕ್ಕೇ ಒಂದು ಪ್ರಮಾಣ ವಾತಾವರಣ ಬೇಕೆಂದು ಪ್ರತಿಪಾದಿಸಿದರು.

ಒಂದು ಎಂಜಿನ್ ನಿಂತರೆ ಏನಾಗುತ್ತದೆ ಎಂಬುದಕ್ಕೆ ಈಗಿನ ಎಟಿಆರ್ ಕೊಡುವ ಉತ್ತರ ಬಲು ಅಚ್ಚುಕಟ್ಟು. ಎರಡೂ ಎಂಜಿನ್ ಟೇಕಾಫ್ ಮಾಡುವುದು ಶೇ 90ರ ಶಕ್ತಿಯಲ್ಲಿ. ಒಂದು ನಿಂತದ್ದು ಗೊತ್ತಾದ ಕ್ಷಣ, ಪೈಲಟ್ ಕೈಯಾಡಿಸುವ ಮೊದಲೇ, ಇನ್ನೊಂದು ತಾನಾಗಿ 2,750 ಅಶ್ವಶಕ್ತಿಗೆ ಏರುತ್ತದೆ. ಜೊತೆಗೆ ನಿಂತ ಕಡೆಯ ಪ್ರೊಪೆಲ್ಲರಿನ ಅಲಗುಗಳು ಗಾಳಿಗೆ ಅಂಚು ಕೊಟ್ಟು ತಿರುಗಿ ನಿಲ್ಲುತ್ತವೆ. ಇದಕ್ಕೆ ಫೆದರ್ ಮಾಡುವುದು ಎನ್ನುತ್ತಾರೆ. ಹರಿಗೋಲಿನ ಹುಟ್ಟನ್ನು ನೀರಿಗೆ ಅಗಲವಾಗಿ ಹಿಡಿದರೆ ತಡೆ, ಅಂಚಾಗಿ ಹಿಡಿದರೆ ತಡೆಯಿಲ್ಲ, ಇದೂ ಹಾಗೆಯೇ. ಫೆದರ್ ಆಗದ ಪ್ರೊಪೆಲ್ಲರ್ ವಿಮಾನವನ್ನು ಒಂದು ಪಕ್ಕಕ್ಕೆ ಎಳೆದು, ಏರುವ ಶಕ್ತಿಯನ್ನೆಲ್ಲ ನುಂಗುತ್ತದೆ.

ಮಳೆಗಾಲದಲ್ಲಿ ಇನ್ನೊಂದು ಅಪಾಯವಿದೆ. ನಮ್ಮ ಮೇಲೆ ನೀರು ಹೆಪ್ಪುಗಟ್ಟುವ ಮಟ್ಟ ಸುಮಾರು ಹದಿನಾರು ಸಾವಿರ ಅಡಿ. ಜೆಟ್ ಅದನ್ನು ಬೇಗ ದಾಟಿ ಮೋಡಗಳ ಮೇಲೆ ಹೋಗುತ್ತದೆ. ಎಟಿಆರ್‌ನ ಗರಿಷ್ಠ ಎತ್ತರವೇ 25,000 ಅಡಿ, ಹಾರುವುದು ಹೆಚ್ಚಾಗಿ ಹದಿನೈದರಿಂದ ಇಪ್ಪತ್ತು ಸಾವಿರದ ನಡುವೆ. ಅಂದರೆ ಹಿಮಗಟ್ಟುವ ಪದರದಲ್ಲೇ. ರೆಕ್ಕೆಯ ಮುಂಚೂಣಿಯ ರಬ್ಬರ್ ಪಟ್ಟಿಗಳನ್ನು ಗಾಳಿಯಿಂದ ಉಬ್ಬಿಸಿ ಹಿಮ ಒಡೆಯುತ್ತಾರೆ, ಕನಿಷ್ಠ ವೇಗವನ್ನು ಏರಿಸಿಕೊಳ್ಳುತ್ತಾರೆ. 1994ರ ಅಕ್ಟೋಬರ್ 31ರಂದು ಅಮೆರಿಕದ ರೋಸ್‌ಲಾನ್ ಬಳಿ ಹಿಮದಿಂದ ಎಟಿಆರ್ 72 ಒಂದು ಉರುಳಿದ ಮೇಲೆ ಆ ಪಟ್ಟಿಗಳನ್ನು ಅಗಲ ಮಾಡಿದರು, ನಿಯಮಗಳನ್ನು ಬಿಗಿ ಮಾಡಿದರು. ಹಿಮ ಕಂಡರೆ ವೇಗ ಕಾಯ್ದುಕೊಂಡು ಕೆಳಗಿಳಿಯುವುದು ಇಲ್ಲಿನ ಪೈಲಟ್‌ಗಳಿಗೆ ಸುಲಭ, ಏಕೆಂದರೆ ಕೆಳಗೆ ಬೆಚ್ಚನೆಯ ಗಾಳಿ ಇದ್ದೇ ಇರುತ್ತದೆ.

2008ರ ಮೇ ತಿಂಗಳಲ್ಲಿ ದಿನನಿತ್ಯದ ಪ್ರಯಾಣಿಕ ವಿಮಾನಗಳು ಎಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿಗೆ ಹೋದರೂ ಟರ್ಬೊಪ್ರಾಪ್‌ನ ಕೆಲಸ ನಗರದ ಪೂರ್ವ ಭಾಗವನ್ನು ಬಿಟ್ಟುಹೋಗಿಲ್ಲ. ಕೋಡಿಹಳ್ಳಿಯ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್ ರೂಪಿಸಿದ 14 ಆಸನದ 'ಸರಸ್' 2004ರ ಮೇ 29ರಂದು ಮೊದಲ ಬಾರಿ ಹಾರಿದ್ದು ಎಚ್‌ಎಎಲ್ ರನ್‌ವೇಯಿಂದ. ಅದರ ಎಂಜಿನ್‌ಗಳು ಬಾಲದ ಬಳಿ, ಪ್ರೊಪೆಲ್ಲರ್‌ಗಳು ಹಿಂದಕ್ಕೆ ಮುಖಮಾಡಿ ತಳ್ಳುವಂಥವು. ಒಳಗೆ ಸದ್ದು ಕಡಿಮೆ. ಆದರೆ ಮೊದಲ ಮಾದರಿ ಉದ್ದೇಶಿಸಿದ್ದಕ್ಕಿಂತ ಸುಮಾರು 900 ಕೆ.ಜಿ. ಭಾರವಾಯಿತು. ಹತ್ತಿಪ್ಪತ್ತು ಆಸನದ ವಿಮಾನದಲ್ಲಿ ಅಷ್ಟು ತೂಕವೆಂದರೆ ಪ್ರಯಾಣಿಕರೇ ಕೂರುವಂತಿಲ್ಲ ಎಂದ ಹಾಗೆ. ಎರಡನೆಯ ಮಾದರಿಗೆ 850ರ ಬದಲು 1,200 ಅಶ್ವಶಕ್ತಿಯ ಎಂಜಿನ್ ಕೂರಿಸಿದರು. 2009ರ ಮಾರ್ಚ್ 6ರಂದು, ಹಾರಾಟದಲ್ಲೇ ಒಂದು ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡುವ ಪರೀಕ್ಷೆಯ ವೇಳೆ, ಅದು ಬಿಡದಿಯ ಬಳಿ ಬಿದ್ದಿತು. ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಷಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ ತೀರಿಕೊಂಡರು. ಮತ್ತೆ ಚಾಲೂ ಮಾಡಲು ರೂಪಿಸಿದ್ದ ಕ್ರಮವೇ ಸರಿಯಿರಲಿಲ್ಲ, ಅದಕ್ಕೆ ಬೇಕಾದ ಎತ್ತರವೂ ಇರಲಿಲ್ಲ ಎಂದು ತನಿಖೆ ಕಂಡುಕೊಂಡಿತು.

ತಿದ್ದಿದ ಮೊದಲ ಮಾದರಿ 2018ರ ಜನವರಿ 24ರಂದು ಅದೇ ರನ್‌ವೇಯಿಂದ ಮತ್ತೆ ಎದ್ದಿತು. ಈಗ ಎನ್‌ಎಎಲ್ ಮುಂದಿರುವುದು 19 ಆಸನದ ಸರಸ್ ಎಂಕೆ-2. ಅದು ಸಿದ್ಧವಾದ ದಿನ ಪತ್ರಿಕೆಗಳು ಗಂಟೆಗೆ ಎಷ್ಟು ಕಿ.ಮೀ. ಎಂದು ಬರೆಯುತ್ತವೆ. ಹಾರಿಸುವವರು ನೋಡುವುದು ಬೇರೆ ಪುಟವನ್ನು: ಮೂರು ಸಾವಿರ ಅಡಿ ಎತ್ತರ, 35 ಡಿಗ್ರಿ, ಹತ್ತೊಂಬತ್ತೂ ಆಸನ ಭರ್ತಿ, ಒಂದೇ ಎಂಜಿನ್. ಆಗ ನಿಮಿಷಕ್ಕೆ ಎಷ್ಟು ಅಡಿ ಏರುತ್ತದೆ?