ಕೋವಿಯ ಕಪ್ಪೂ ತುಕ್ಕೇ

ಸೆಪ್ಟೆಂಬರ್ 3 ಕೊಡಗಿನಲ್ಲಿ ಕೈಲ್ ಮುಹೂರ್ತ ಹಬ್ಬ. ಅಂದು ಕೋವಿಗೆ ಪೂಜೆ, ನಳಿಗೆಯ ಬಾಯಿಗೆ ತೋಕ್ ಪೂ ಎಂಬ ಹೂ. ಜೂನ್‌ನಿಂದ ಹಿಡಿದ ಮಳೆಯಲ್ಲಿ ಮೂಲೆ ಸೇರಿದ್ದ ಕೋವಿಯನ್ನು ಹೊರತೆಗೆದರೆ, ಕೈ ತಗುಲಿ ತಗುಲಿ ಬಣ್ಣ ಸವೆದ ಜಾಗದಲ್ಲಿ ಕೆಂಪು ಚುಕ್ಕೆಗಳು ಕಾಣುವುದುಂಟು. ಗಾಳಿಯ ತೇವಾಂಶ ಸುಮಾರು ಶೇ 60 ದಾಟಿದರೆ ಉಕ್ಕಿಗೆ ತುಕ್ಕು ಬೇಗ ಹಿಡಿಯುತ್ತದೆ. ಆಂಧ್ರದ ಆದೋನಿ ಕಡೆಯ ಹೊಳಗುಂದದಂಥ ಒಣಸೀಮೆಯಲ್ಲಿ ಈ ಕಾಟ ಕಡಿಮೆ. ಆದರೂ ಕೈಬೆವರಿನ ಉಪ್ಪು ಅಲ್ಲಿಯೂ ಬಿಡದು.

ನಳಿಗೆಯ ನೀಲಿಗಪ್ಪು ಬಳಿದ ಬಣ್ಣವಲ್ಲ, ಅದೂ ಕಬ್ಬಿಣದ ಆಕ್ಸೈಡೇ. ಕೆಂಪು ತುಕ್ಕು ಸಡಿಲ. ನೀರು ಹೀರಿ, ಹಕ್ಕಳೆಯೆದ್ದು, ಒಳಗೊಳಗೇ ಕೊರೆಯುತ್ತದೆ. ಕಪ್ಪು ಆಕ್ಸೈಡ್, ಅಂದರೆ ಮ್ಯಾಗ್ನೆಟೈಟ್, ಲೋಹವನ್ನು ಕಚ್ಚಿ ಹಿಡಿಯುತ್ತದೆ. ಹಿಂದಿನ ಕುಶಲಕರ್ಮಿಗಳು ನಳಿಗೆಗೆ ಬೇಕೆಂದೇ ತುಕ್ಕು ಹಿಡಿಸಿ ಕುದಿನೀರಿಗೆ ಇಳಿಸುತ್ತಿದ್ದರು, ಕೆಂಪು ಕಪ್ಪಾಗುತ್ತಿತ್ತು. ಉದುರುವ ಪುಡಿ ಉಜ್ಜಿ, ಮತ್ತೆ ತುಕ್ಕು, ಮತ್ತೆ ಕುದಿ. ಈಗ ಕಾರ್ಖಾನೆಗಳಲ್ಲಿ ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ದ್ರಾವಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಅದರಲ್ಲಿ ಅದ್ದುತ್ತಾರೆ. ಹಳೆಯ ಜೋಡುನಳಿಗೆಗೆ ಇದು ಆಗದು. ನಳಿಗೆಗಳನ್ನು ಕೂಡಿಸಿದ ತವರ-ಸೀಸದ ಬೆಸುಗೆಯನ್ನು ಆ ಕ್ಷಾರ ತಿಂದುಹಾಕುತ್ತದೆ.

ಸಣ್ಣ ಕಲೆಗೆ ಕಾಯಿಸದೆ ಹಚ್ಚುವ ದ್ರಾವಣ ಸಾಕು. ಅದರಲ್ಲಿನ ಸೆಲೆನಿಯಸ್ ಆಮ್ಲ, ತಾಮ್ರದ ಲವಣಗಳು ಉಕ್ಕಿನ ಮೇಲೆ ಕಪ್ಪು ಪದರ ಕೂರಿಸುತ್ತವೆ. ಮೊದಲು ಕೋವಿ ಖಾಲಿಯಿದೆಯೇ ನೋಡಿ. ಎಣ್ಣೆ ಹಾಕಿ, ಅತಿ ನಯವಾದ ಸ್ಟೀಲ್ ವುಲ್‌ನಿಂದ ತುಕ್ಕನ್ನಷ್ಟೇ ಉಜ್ಜಿ. ಬಳಿಕ ಅಸಿಟೋನ್‌ನಿಂದ ಜಿಡ್ಡು ತೆಗೆಯಿರಿ. ಬೆರಳಿನ ಜಿಡ್ಡು ಉಳಿದರೂ ಅಲ್ಲಿ ಕಪ್ಪು ಹಿಡಿಯದು. ಹತ್ತಿಯಲ್ಲಿ ದ್ರಾವಣ ಸವರಿದರೆ ಹೊಳೆಯುವ ಉಕ್ಕು ಕಣ್ಣೆದುರೇ ಬೂದಾಗಿ, ಕಪ್ಪಾಗುತ್ತದೆ. ನೀರಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಿ. ಸೆಲೆನಿಯಂ ವಿಷ: ಕೈಗವಸು ಇರಲಿ, ಕಿಟಕಿ ತೆರೆದಿರಲಿ. ತುಕ್ಕು ಕೊರೆದ ಗುಳಿ ಮಾತ್ರ ಇದರಿಂದ ತುಂಬದು. ಕೋವಿಯ ಮೇಲಿನ ಸಂಖ್ಯೆಯ ಹತ್ತಿರ ಉಜ್ಜುವಾಗ ಎಚ್ಚರ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇದೆ. ಆದರೆ ಸಂಖ್ಯೆ ಅಳಿಸಲು ಯಾರಿಗೂ ವಿನಾಯಿತಿ ಇಲ್ಲ.

ಇಷ್ಟಾದರೂ ಹೀಗೆ ಹಚ್ಚಿದ ಕಪ್ಪು ಕಾರ್ಖಾನೆಯ ಕಪ್ಪಿನಷ್ಟು ಬಾಳದು. ಆ ಕಪ್ಪಾದರೂ ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಒಂದೆರಡು ಪಾಲಿನಷ್ಟು ತೆಳು. ಅದರ ಸೂಕ್ಷ್ಮ ರಂಧ್ರಗಳಲ್ಲಿ ನಿಂತ ಎಣ್ಣೆಯೇ ತೇವವನ್ನು ತಡೆಯುವುದು. ಆದ್ದರಿಂದ ಮುಟ್ಟಿದಾಗಲೆಲ್ಲ ಎಣ್ಣೆಬಟ್ಟೆಯಿಂದ ಒರೆಸಿಡಿ, ತೇವ ಹಿಡಿದಿಡುವ ಚರ್ಮದ ಚೀಲದಲ್ಲಿ ಮಳೆಗಾಲ ಕಳೆಯಲು ಬಿಡಬೇಡಿ. ಕಪ್ಪು ಹಚ್ಚಿ ಎಣ್ಣೆ ಮರೆತರೆ ಮುಂದಿನ ವರ್ಷ ಅದೇ ಕೆಲಸ ಮೊದಲಿನಿಂದ.