ನಿಮಗಿದು ಗೊತ್ತೆ? ಗೆದ್ದಲು ಬೆಳೆಯುವ ಅಣಬೆ

ಬೆಂಗಳೂರಿನ ಜಯನಗರ, ಜೆ.ಪಿ. ನಗರದ ಹೋಟೆಲುಗಳಲ್ಲಿ ನಾವು ತಿನ್ನುವ ಬಟನ್ ಅಣಬೆ ಶೆಡ್ಡಿನಲ್ಲಿ ಬೆಳೆದದ್ದು. ಮಲೆನಾಡಿನ ಮಳೆಗಾಲದ ಅಡುಗೆಗೆ ರುಚಿ ಕೊಡುವ ಹುತ್ತದ ಅಣಬೆಗೆ ರೈತರೇ ಬೇರೆ: ಗೆದ್ದಲುಗಳು! ಒಣಕಟ್ಟಿಗೆ, ತರಗೆಲೆ ತಿಂದು ಹಾಕಿದ ಹಿಕ್ಕೆಯಿಂದ ಹುತ್ತದೊಳಗೆ ಜೇನುಹುಟ್ಟಿನಂಥ ತೋಟ ಕಟ್ಟಿ, ಅದರ ಮೇಲೆ ಅವು ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರವನ್ನು ಬೆಳೆಸುತ್ತವೆ. ಗಟ್ಟಿ ನಾರನ್ನು ಶಿಲೀಂಧ್ರ ಮೆದು ಮಾಡುತ್ತದೆ, ಗೆದ್ದಲು ಅದನ್ನು ಉಣ್ಣುತ್ತದೆ. ಸುಮಾರು 3 ಕೋಟಿ ವರ್ಷಗಳಷ್ಟು ಹಳೆಯ ಬೇಸಾಯವಿದು, ನಮ್ಮ ಹೊಲಗದ್ದೆಗಳಿಗಿಂತ ಎಷ್ಟೋ ಹಿಂದಿನದು. ಇಷ್ಟಾದರೂ ಈ ಅಣಬೆಯನ್ನು ಬಟನ್ ಅಣಬೆಯಂತೆ ಮಾರುಕಟ್ಟೆಗಾಗಿ ಬೆಳೆಯಲು ಮನುಷ್ಯನಿಗೆ ಸಾಧ್ಯವಾಗಿಲ್ಲ. ಮಳೆ ಬಿದ್ದಾಗ ಕಾಡಿಗೆ ಹೋಗಿ ಆರಿಸಿಯೇ ತರಬೇಕು, ಬೇಗ ಅಡುಗೆ ಮಾಡಬೇಕು. ಅದಕ್ಕೇ ನಗರದ ತಟ್ಟೆಯಲ್ಲಿ ಇದು ಅಪರೂಪ. ಆಫ್ರಿಕಾದ ಜಾಂಬಿಯಾದಲ್ಲಿ ಸಿಗುವ ಇದರ ಬಂಧುವಿನ ಕೊಡೆ 1 ಮೀಟರ್‌ವರೆಗೂ ಹರಡುತ್ತದೆ, ಅಲ್ಲಿ ಅದೂ ಊಟವೇ.

ಆದರೆ ತುರಹಳ್ಳಿ ಕಾಡಿನಲ್ಲೋ ಬಡಾವಣೆಯ ಪಾರ್ಕಿನಲ್ಲೋ ಕಂಡ ಅಣಬೆಯನ್ನು ಮನೆಗೆ ತರಬೇಡಿ. ಅಮಾನಿಟಾ ಕುಲದ ಕೆಲವು ಅಣಬೆಗಳ ವಿಷ ಕುದಿಸಿದರೂ ಹೋಗದು. ವಾಂತಿ-ಭೇದಿ ಕಾಣಿಸಿಕೊಳ್ಳುವುದೇ ಸಾಮಾನ್ಯವಾಗಿ 6 ಗಂಟೆಗಳ ನಂತರ. ಬಲ್ಲವರು ಗುರುತಿಸಿ ತಂದದ್ದನ್ನು ಮಾತ್ರ ತಿನ್ನಿ.