ರಾಮನಗರದ ಬಂಡೆ ಆರುವಾಗ ಏನಾಯಿತು?

ನಾಗಪುರದ ಸೀತಾಬರ್ಡಿ ಕೋಟೆಯ ಗುಡ್ಡ ಕರಿಕಲ್ಲಿನದು. ನೆಲದ ಮೇಲೆ ಹರಿದ ಲಾವಾ ಬೇಗ ಆರಿ ಆದ ಕಲ್ಲಾದ್ದರಿಂದ ಅದರ ಕಣಗಳು ಬರಿಗಣ್ಣಿಗೆ ಕಾಣವು. ರಾಮನಗರದ ಬಂಡೆಗಳ ಮಾತು ಬೇರೆ. ನಮ್ಮಲ್ಲಿ ಬೆಂಗಳೂರು-ಮೈಸೂರು ರೈಲಿನಲ್ಲಿ ಓಡಾಡಿದವರು ಅವನ್ನು ನೋಡಿಯೇ ಇರುತ್ತಾರೆ. ಉಳಿದವರು 1975ರ ‘ಶೋಲೆ’ ಚಿತ್ರದಲ್ಲಿ ಕಂಡಿರಬಹುದು. ಅದು ಗ್ರಾನೈಟ್. ಊರಿನ ಹಳೆಯ ಹೆಸರಿನಿಂದ ಅದನ್ನು ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ದಕ್ಷಿಣೋತ್ತರವಾಗಿ ಸುಮಾರು 400 ಕಿ.ಮೀ. ಉದ್ದ, ಅಗಲ ಮಾತ್ರ 20-30 ಕಿ.ಮೀ. ವಯಸ್ಸು ಸುಮಾರು 252 ಕೋಟಿ ವರ್ಷ.

ಈ ಕಲ್ಲು ನೆಲದ ಆಳದಲ್ಲಿ ಬಹು ನಿಧಾನವಾಗಿ ಆರಿದ್ದು. ಆದ್ದರಿಂದಲೇ ಅದರ ಕಣಗಳು ದೊಡ್ಡವು: ಗಾಜಿನಂಥ ಬೆಣಚು, ಕಪ್ಪು ಕಾಗೆಬಂಗಾರ, ನಸುಗೆಂಪು ಫೆಲ್ಡ್‌ಸ್ಪಾರ್. ಕೆಲವೆಡೆ ಅಂಗುಲ ಉದ್ದದ ಫೆಲ್ಡ್‌ಸ್ಪಾರ್ ಹರಳುಗಳು, ಗಿರಣಿಯಲ್ಲಿ ಬಾಚಿದ ಹತ್ತಿಯ ಎಳೆಗಳಂತೆ, ಒಂದೇ ದಿಕ್ಕಿಗೆ ಮಲಗಿವೆ. ಆರುತ್ತಿರುವಾಗಲೇ ಭೂಮಿ ಈ ಕಲ್ಲನ್ನು ಅದುಮಿ ಎಳೆಯಿತೋ, ಅಥವಾ ಗಟ್ಟಿಯಾಗಿ ಕೋಟಿಗಟ್ಟಲೆ ವರ್ಷ ಕಳೆದ ಮೇಲೋ? ದೂರದಿಂದ ನೋಡಿದರೆ ಎರಡೂ ಒಂದೇ ತೆರ. ಉತ್ತರವನ್ನು ಕಣಗಳೊಳಗೇ ಹುಡುಕಬೇಕು.

ಬೆಲ್ಲದ ಪಾಕದಲ್ಲಿ ಕೊಬ್ಬರಿಯ ಉದ್ದುದ್ದ ಚೂರುಗಳಿವೆ ಎನ್ನೋಣ. ಪಾಕ ಸಡಿಲವಾಗಿದ್ದಾಗ ಸೌಟಿನಿಂದ ಎಳೆದರೆ ಚೂರುಗಳು ಎಳೆದತ್ತ ತಿರುಗಿ ಸಾಲಾಗುತ್ತವೆ, ಒಂದೂ ಮುರಿಯದು. ಶಿಲಾಪಾಕದಲ್ಲಿಯೂ ಹೀಗೆಯೇ. ಹರಳು ಸಾಲಿಗೆ ಸೇರಿರುತ್ತದೆ, ಆದರೆ ಅದರ ಮೈಯೂ ಅಂಚೂ ನೆಟ್ಟಗಿರುತ್ತವೆ. ಪಾಕ ಗಟ್ಟಿಯಾಗುತ್ತ ಬಂದು ದ್ರವ ಸ್ವಲ್ಪವೇ ಉಳಿದಾಗ ಹರಳಿಗೆ ಹರಳು ತಾಗುತ್ತದೆ. ಆಗ ಒತ್ತಿದರೆ ಹರಳು ಸೀಳುತ್ತದೆ. ಉಳಿದ ದ್ರವ ಆ ಸೀಳಿಗೆ ನುಗ್ಗಿ ಅಲ್ಲಿಯೇ ಬೆಣಚಾಗಿಯೋ ಫೆಲ್ಡ್‌ಸ್ಪಾರ್ ಆಗಿಯೋ ಹೆಪ್ಪುಗಟ್ಟುತ್ತದೆ. ನಮಗೆ ಇದೇ ಎಲ್ಲಕ್ಕಿಂತ ಬಲವಾದ ಸಾಕ್ಷಿಯೆಂದು ತೋರುತ್ತದೆ. ಆರಿ ಮುಗಿದ ಕಲ್ಲಿನಲ್ಲಿ ಸೀಳು ತುಂಬಲು ಪಾಕವೆಲ್ಲಿಂದ ಬರಬೇಕು?

ಪೂರ್ತಿ ಗಟ್ಟಿಯಾದರೂ ಬಿಸಿಯಿರುವ ತನಕ ಕಲ್ಲು ಮಣಿಯುತ್ತದೆ. ಸುಮಾರು 300 ಡಿಗ್ರಿ ಸೆಂಟಿಗ್ರೇಡ್ ಮೀರಿದರೆ ಬೆಣಚು ಬಾಗತೊಡಗುತ್ತದೆ. ಫೆಲ್ಡ್‌ಸ್ಪಾರ್‌ಗೆ 500ರ ಹತ್ತಿರ ಬೇಕು. ಬೆಣಚು ಪಟ್ಟಿಯಂತೆ ಎಳೆದುಕೊಂಡು, ನಡುವೆ ಫೆಲ್ಡ್‌ಸ್ಪಾರ್ ಒಡೆದು ನಿಂತಿದ್ದರೆ, ಎಳೆತ ಈ ಎರಡರ ನಡುವಣ ಶಾಖದಲ್ಲಿ ನಡೆಯಿತೆಂದು ತಿಳಿಯಬೇಕು.

ಇದನ್ನು ನೋಡಲು ಕಲ್ಲಿನ ಬಿಲ್ಲೆಯನ್ನು ಗಾಜಿಗೆ ಅಂಟಿಸಿ, 0.03 ಮಿ.ಮೀ.ಗೆ ತೇದು, ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದ ಕೆಳಗಿಟ್ಟು ತಿರುಗಿಸುತ್ತಾರೆ. ಒತ್ತಡಕ್ಕೆ ಸಿಕ್ಕದ ಬೆಣಚಿನ ಕಣ ಒಮ್ಮೆಗೇ ಕಪ್ಪಾಗುತ್ತದೆ. ಬಾಗಿದ ಕಣದ ಮೇಲಾದರೋ ಕಪ್ಪು ಮೋಡದ ನೆರಳಿನಂತೆ ಸರಿದುಹೋಗುತ್ತದೆ.

ಕ್ಲೋಸ್‌ಪೇಟ್ ಗ್ರಾನೈಟನ್ನು ಹೀಗೆ ಪರೀಕ್ಷಿಸಿದ ಮೊಯೆನ್, ಜಯಾನಂದ ಮೊದಲಾದವರು 2003ರಲ್ಲಿ ತಮ್ಮ ತೀರ್ಮಾನ ಪ್ರಕಟಿಸಿದರು: ಪಾಕ ಮೇಲೇರುತ್ತಿದ್ದ ಕಾಲದಲ್ಲಿಯೇ ಸುತ್ತಲಿನ ನೆಲ ಸರಿಯುತ್ತಿತ್ತು. ಅಂದರೆ ಕಲ್ಲು ಆರಿದ ಮೇಲೆ ಬಂದ ಸಾಲಲ್ಲ. ಸಾಲು ಹಿಡಿಯುತ್ತಲೇ ಕಲ್ಲು ಆರಿದೆ.

ವಾಚಕ ಬಂಧುಗಳು ತಾವು ಹೋಗುವ ಕಚೇರಿಯಲ್ಲಿ ನಸುಗೆಂಪು ಗ್ರಾನೈಟಿನ ಕಟ್ಟೆಯಿದ್ದರೆ ಹರಳುಗಳ ದಿಕ್ಕನ್ನು ನೋಡಬಹುದು. ಅಂಗಡಿಯಲ್ಲಿ ‘ಕರಿ ಗ್ರಾನೈಟ್’ ಎಂದು ಮಾರುವುದು ಹೆಚ್ಚಾಗಿ ಬೇರೆ ಜಾತಿಯ ಕಲ್ಲು. ಅದರಲ್ಲಿ ಈ ಹರಳುಗಳನ್ನು ಹುಡುಕಿ ಫಲವಿಲ್ಲ.